ಅತ್ತೆ, ಹಿಂದಕ್ಕೆ ನೋಡ್ಬೇಡ

ದೋಣಿಯಲ್ಲಿ ಸುಮ್ಮನೆ ಕುಳಿತುಕೊಳ್ಳಲು ಯಾವ ವಿದ್ಯೆ ಬೇಕು? ನಾನು ಬಿ.ಕಾಂ. ಓದಿದವಳು. ಅಜ್ಜಂಪುರದಲ್ಲಿ ವಿಮಾ ಏಜೆಂಟ್. ಸಂತೆಯ ದಿನ ಬೀರೂರು ಬಸ್ಸಿನಲ್ಲಿ ಕೋಳಿಬುಟ್ಟಿಗಳ ನಡುವೆ ಒಂಟಿಕಾಲಿನಲ್ಲಿ ನಿಂತು, ಪಕ್ಕದ ಪ್ರಯಾಣಿಕರಿಗೆ ಜೀವದ ಬೆಲೆ ಮನದಟ್ಟು ಮಾಡಿ ಸಹಿ ಹಾಕಿಸಿಕೊಂಡವಳು. ಅಂಥವಳಿಗೆ ಕುಳಿತುಕೊಳ್ಳುವುದು ಒಂದು ಕಷ್ಟವೇ? ಹೀಗೆಂದು ನಮ್ಮ ಯಜಮಾನರನ್ನು ಕೇಳಿದೆ. ಅವರು ಪಂಪ್‌ಸೆಟ್ ರಿಪೇರಿ ಮಾಡುವವರು, ಮಾತು ಕಡಿಮೆ. ಮೋಟಾರೊಂದರ ಹೊಟ್ಟೆಯೊಳಗಿಂದ ತಲೆ ಎತ್ತದೆ, "ನೀನು ಸುಮ್ನೆ ಕೂತಿದ್ದನ್ನ ನಾನಂತೂ ನೋಡಿಲ್ಲ ಕಣೇ" ಎಂದರು.

ಅದೊಂದು ಎಚ್ಚರಿಕೆಯಾಗಿತ್ತು ಎಂದು ಈಗ ಅರ್ಥವಾಗುತ್ತಿದೆ. ಈಗ ಬಚ್ಚಲ ತೊಟ್ಟಿಯಲ್ಲಿ ತಂಬಿಗೆ ತಾನಾಗಿ ತೇಲಿಕೊಂಡು ನನ್ನ ಕಡೆ ಬಂದರೂ ಸಾಕು, ಸ್ನಾನ ಅಲ್ಲಿಗೇ ಮುಗಿಯುತ್ತದೆ.

ಸಿಂಚನ ನನ್ನ ಅಣ್ಣನ ಮಗಳು. ತರೀಕೆರೆಯಲ್ಲಿ ಡಿಗ್ರಿ ಓದುತ್ತಾಳೆ. ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ರೋಯಿಂಗ್ ತರಬೇತಿಗೆ ಹೋಗುತ್ತಾಳೆ. ರೋಯಿಂಗ್ ಎಂದರೆ ದೋಣಿಗೆ ಹುಟ್ಟು ಹಾಕುವ ಪಂದ್ಯ. ಇದನ್ನು ನಮ್ಮ ಅವ್ವನಿಗೆ ತಿಳಿಸುವಷ್ಟರಲ್ಲಿ ಮನೆಮಂದಿಯೆಲ್ಲ ಸುಸ್ತಾಗಿದ್ದರು. ಆಚೆ ದಡದಲ್ಲಿ ಇವಳಿಗೆ ಏನು ಕೆಲಸ, ಯಾರ ಮನೆಯಿದೆ ಎಂಬುದು ಅವ್ವನ ಪ್ರಶ್ನೆ. ಕೆಲಸವೇನೂ ಇಲ್ಲ, ಹೋಗಿ ಬರುವುದೇ ಕೆಲಸ ಎಂದರೆ, "ಹಂಗಾದ್ರೆ ಇಲ್ಲೇ ಇರ್ಬೋದಿತ್ತಲ್ಲ" ಎಂದಳು.

ಈ ಆಟದಲ್ಲೊಂದು ವಿಚಿತ್ರವಿದೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಅವರಿಗೆ ಕಾಣುವುದು ಬಿಟ್ಟುಬಂದ ದಾರಿ ಮಾತ್ರ. ಆದ್ದರಿಂದ ದೋಣಿಯ ಹಿಂತುದಿಯಲ್ಲಿ ಅವರಿಗೆ ಎದುರಾಗಿ, ಮುಂದಕ್ಕೆ ಮುಖಮಾಡಿ ಇನ್ನೊಬ್ಬರು ಕೂರುತ್ತಾರೆ. ಅವರ ಹೆಸರು ಕಾಕ್ಸ್. ಅವರ ಎರಡೂ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಅವರ ಬೆನ್ನ ಹಿಂದೆ ನೀರಿನಲ್ಲಿರುವ ಚುಕ್ಕಾಣಿ. ಎಡಕ್ಕೆ, ಬಲಕ್ಕೆ, ನಿಲ್ಲಿ ಎಂದು ಕೂಗುವುದು ಅವರ ಕೆಲಸ. ಬೆವರು ಹುಡುಗಿಯರದು, ಬಾಯಿ ಕಾಕ್ಸ್‌ನದು. ನನಗೆಂದೇ ಸೃಷ್ಟಿಯಾದ ಹುದ್ದೆ!

ಸಿಂಚನಳ ದೋಣಿಯಲ್ಲಿ ಹುಟ್ಟು ಹಾಕುವವರು ಇಬ್ಬರು, ಅವಳು ಮತ್ತು ಗೆಳತಿ ನಂದಿನಿ. ಸಿಂಚನಳ ತೋಳಿನಲ್ಲಿ ಬಲವಿತ್ತು, ಉಸಿರಿನಲ್ಲಿ ದಮ್ಮಿತ್ತು. ತೊಂದರೆಯಿದ್ದದ್ದು ಕುತ್ತಿಗೆಯಲ್ಲಿ. ನಾಲ್ಕಾರು ಸಲ ಹುಟ್ಟು ಎಳೆದಳೋ ಇಲ್ಲವೋ, ಮುಂದೆ ಏನಿದೆಯೋ ಎಂದು ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು. ನೋಡಿದ ಕೂಡಲೇ ಲಯ ತಪ್ಪುತ್ತಿತ್ತು, ದೋಣಿ ಓಲಾಡುತ್ತಿತ್ತು. ಬೆನ್ನ ಹಿಂದೆ ಏನೋ ಕಾದಿದೆ ಎಂಬ ಭಯ ಅವಳಿಗೆ. ಕೋಚ್ ಸರ್ ಬಹಳ ಸಹಿಸಿದ್ದರು. ಶನಿವಾರ ರಾಜ್ಯದ ಶಿಬಿರಕ್ಕೆ ಆಯ್ಕೆ, ಅವತ್ತು ಕುತ್ತಿಗೆ ತಿರುಗಿದರೆ ನಿನ್ನ ಜಾಗ ಬೇರೆಯವರಿಗೆ ಎಂದುಬಿಟ್ಟಿದ್ದರು. ಹುಡುಗಿ ಊಟ ಬಿಟ್ಟಿದ್ದಳು.

ಆ ವಾರವೇ ಅವರ ಮಾಮೂಲಿ ಕಾಕ್ಸ್ ಅಕ್ಕನ ಮದುವೆಗೆಂದು ಊರಿಗೆ ಹೋದಳು. ಅಭ್ಯಾಸಕ್ಕೆ ಯಾರಾದರೂ ಬೇಕಿತ್ತು. ನಾನು ಧಾವಿಸಿದೆ. ನಂಬಿಕೆ ಎಂಬುದು ನನ್ನ ವೃತ್ತಿ, ಎದುರು ಕೂತು ಒಂದು ವಾರ ಮಾತಾಡಿದರೆ ಆ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತದೆ ಎಂದು ಕೋಚ್ ಸರ್‌ಗೆ ವಿವರಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಕಾಕ್ಸ್ ಆದವರು ಹಗುರವಾಗಿರಬೇಕು ಎಂದು ಮೆಲ್ಲಗೆ ಹೇಳಿದರು. ಮನಸ್ಸು ಹಗುರವಾಗಿದೆ ಎಂದೆ. ಕೊನೆಗೆ, ಕಲಿಯುವವರಿಗೆಂದು ಇಟ್ಟಿದ್ದ ಅಗಲ ತಳದ ದೋಣಿ ಕೊಟ್ಟು ಒಪ್ಪಿದರು. ಷರತ್ತು ಎರಡು. ತಮ್ಮ ಮೋಟಾರು ದೋಣಿ ಜೊತೆಗಿಲ್ಲದೆ ದಡ ಬಿಡಬಾರದು. ದೋಣಿಯಲ್ಲಿ ಒಂದು ನೀರಿನ ಬಾಟಲಿ ಬಿಟ್ಟು ಬೇರೆ ಸಾಮಾನು ಇರಬಾರದು.

ಎರಡನ್ನೂ ಒಂದೇ ಬೆಳಗ್ಗೆ ಮುರಿದೆ.

ಮೂಲ ಕಾರಣ ಅವ್ವನ ಹರಕೆ. ಮೊಮ್ಮಗಳ ಆಯ್ಕೆಯ ಮಾತು ಬಂದಾಗಲೇ ಅವಳು ಗಂಗವ್ವನಿಗೆ ಬಾಗಿನ ಕೊಡುತ್ತೇನೆ ಎಂದು ಹೇಳಿಕೊಂಡಿದ್ದಳಂತೆ. ದಡದಲ್ಲಿ ಬಿಟ್ಟರೆ ಆಗದು, ಅಲೆ ಅದನ್ನು ವಾಪಸ್ ತಂದು ಹಾಕುತ್ತದೆ, ವಾಪಸ್ ಬಂದ ಬಾಗಿನ ಒಳ್ಳೆಯದಲ್ಲ. ನಡುನೀರಿಗೇ ಹೋಗಬೇಕು, ಮುತ್ತೈದೆಯ ಕೈಯಿಂದಲೇ ಆಗಬೇಕು. ಅತ್ತಿಗೆಗೆ ನೀರು ಕಂಡರೆ ತಲೆ ತಿರುಗುತ್ತದೆ. ಉಳಿದವಳು ನಾನೇ. ಅವ್ವ ಎರಡು ಪುಟ್ಟ ಮೊರಗಳ ನಡುವೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ತುಂಬಿ, ಹಸಿರು ರವಿಕೆ ಕಣದಲ್ಲಿ ಸುತ್ತಿ, ಅರಿಶಿನದ ದಾರದಿಂದ ಬಿಗಿದು ಕೊಟ್ಟಳು. ನಡುದಾರಿಯಲ್ಲಿ ಬಿಚ್ಚಿಹೋಗಬಾರದೆಂದು ದಾರವನ್ನು ಧಾರಾಳವಾಗಿ ಸುತ್ತಿ, ಮಿಕ್ಕಿದ್ದನ್ನು ಕತ್ತರಿಸಬಾರದೆಂದು ಹಾಗೆಯೇ ಇಳಿಬಿಟ್ಟಿದ್ದಳು. ಬರಿಗೈಯಲ್ಲಿ ಗಂಗೆಯ ಎದುರು ಹೋಗುತ್ತಾರೆಯೇ ಎಂದು ನನ್ನ ಎರಡೂ ಕೈಗೆ ಮೊಣಕೈವರೆಗೆ ಗಾಜಿನ ಬಳೆ ತೊಡಿಸಿದಳು.

ಹಿನ್ನೀರಿಗೆ ಹೋದಾಗ ಬೆಳಕು ಆಗಷ್ಟೇ ಹರಿಯುತ್ತಿತ್ತು. ಮಂಜು ನೀರಿನ ಮೇಲೆ ಮಲಗಿತ್ತು. ನಾನು ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಬಾಗಿನವನ್ನು ಶಾಲಿನಲ್ಲಿ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಬಸುರಿಯಂತೆ ದೋಣಿಯೊಳಗೆ ಇಳಿದೆ. ಕೋಚ್ ಸರ್ ಮೋಟಾರು ದೋಣಿಯ ಎಂಜಿನ್ ಎಳೆಯುತ್ತಿದ್ದರು, ಅದು ಕೆಮ್ಮುತ್ತಿತ್ತು. ಇದೇ ಸುಸಂದರ್ಭ ಎಂದುಕೊಂಡೆ. ಅವರು ಬರುವಷ್ಟರಲ್ಲಿ ಬಾಗಿನ ಬಿಟ್ಟು, ಏನೂ ಅರಿಯದವಳಂತೆ ಹಗ್ಗ ಹಿಡಿದು ಕೂತಿರಬಹುದು! ಹೊರಡಿ ಎಂದೆ. ಸರ್ ಬರಲಿ ಎಂದಳು ಸಿಂಚನ. ಹಿರಿಯರ ಮಾತಿಗೆ ಬೆಲೆ ಇಲ್ಲವೇ, ಅವ್ವನ ಹರಕೆ ತಪ್ಪಿದರೆ ಶನಿವಾರದ ಗತಿ ಏನು ಎಂದು ನಾನು ಗದರಿದೆ. ಶನಿವಾರ ಎಂದ ಕೂಡಲೇ ಹುಡುಗಿ ಬಿಳಿಚಿಕೊಂಡು ಹುಟ್ಟು ಹಿಡಿದಳು.

ದೋಣಿ ಹೊರಟಿತು. ಎಷ್ಟು ಸಲೀಸಾಗಿ ಹೊರಟಿತೆಂದರೆ ನನ್ನ ಸಾಮರ್ಥ್ಯದ ಬಗ್ಗೆ ನನಗೇ ಗೌರವ ಹುಟ್ಟಿತು. ನಡುನೀರು ಎನ್ನಿಸುವ ಜಾಗದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ಬೇಡಿಕೊಳ್ಳಿ ಎಂದು ಹುಡುಗಿಯರಿಗೆ ಹೇಳಿ, ಶಾಲು ಸರಿಸಿ, ಹಿಂದಕ್ಕೆ ಕೈ ಚಾಚಿ ಬಾಗಿನವನ್ನು ನೀರಿಗೆ ಇಳಿಸಿದೆ. ತಾಯಿ ಗಂಗವ್ವ, ಮಗುವಿನ ಕುತ್ತಿಗೆ ಕಾಪಾಡು ಎಂದೆ. ತಿರುಗಿ ನೋಡಿ ಕೈಮುಗಿಯೋಣವೆಂದರೆ, ಸ್ವಲ್ಪ ಹೊರಳಿದ್ದಕ್ಕೇ ದೋಣಿ ವಾಲಿತು. ಕಾಕ್ಸ್ ಹಿಂದಕ್ಕೆ ತಿರುಗುವಂತಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಸರಿ, ಹೊರಡಿ ಎಂದೆ.

ಮಂಜು ನಮ್ಮನ್ನು ಸುತ್ತಿಕೊಂಡದ್ದು ಆಗಲೇ. ದಡ ಹೋಯಿತು. ಗುಡ್ಡ ಹೋಯಿತು. ಕೋಚ್ ಸರ್ ಎಂಜಿನ್ನಿನ ಕೆಮ್ಮೂ ನಿಂತುಹೋಯಿತು. ಹುಟ್ಟುಗಳು ನೀರಿಗೆ ಬೀಳುವ ಸದ್ದು ಬಿಟ್ಟರೆ ಜಗತ್ತಿನಲ್ಲಿ ಬೇರೆ ಸದ್ದಿಲ್ಲ. ಕೆಳಗೆ ಎಷ್ಟು ಆಳ ಎಂದು ಯೋಚಿಸಬಾರದೆಂದುಕೊಂಡೆ, ಅದನ್ನೇ ಯೋಚಿಸಿದೆ. ಡ್ಯಾಮು ಕಟ್ಟಿದಾಗ ಇಲ್ಲಿ ಊರುಗಳು ಮುಳುಗಿದವು ಎಂದು ಅವ್ವ ಹೇಳುತ್ತಿದ್ದಳು. ನಮ್ಮ ದೋಣಿಯ ಕೆಳಗೆ ಯಾರದೋ ಹಜಾರ, ಯಾರದೋ ಒಲೆ, ಯಾರೋ ನೀರು ಸೇದುತ್ತಿದ್ದ ಬಾವಿ. ಬಾವಿಯೊಳಗೂ ನೀರು, ಬಾವಿಯ ಮೇಲೂ ನೀರು.

ದೋಣಿ ಎಡಕ್ಕೆ ಎಳೆಯತೊಡಗಿತು. ನಾನು ಬಲದ ಹಗ್ಗ ಜಗ್ಗಿದೆ. ಕೇಳಲಿಲ್ಲ. ಇನ್ನೂ ಜಗ್ಗಿದೆ. ಹಗ್ಗದ ಆ ತುದಿಯನ್ನು ಯಾರೋ ಹಿಡಿದುಕೊಂಡಂತೆ ಬಿಗಿಯಾಗಿತ್ತು.

ಆಗ ಬಳೆಯ ಸದ್ದು ಕೇಳಿಸಿತು.

ಸಣ್ಣಗೆ, ಗಲಗಲ ಎಂದು. ಎಲ್ಲೋ ಬಹಳ ಹತ್ತಿರ. ನಿಂತಿತು. ಮತ್ತೆ ಬಂತು. ಕೇಳಿಸಿತೇ ಎಂದು ಹುಡುಗಿಯರನ್ನು ಕೇಳೋಣವೆಂದು ಸಿಂಚನಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಆಚೆ, ನನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತಿದ್ದಳು. ಅವಳ ಹಿಂದಿದ್ದ ನಂದಿನಿಯೂ ಅಲ್ಲೇ ನೋಡುತ್ತಿದ್ದಳು, ಬಾಯಿ ತೆರೆದಿತ್ತು.

"ಅತ್ತೆ," ಎಂದಳು ಸಿಂಚನ, ತೀರಾ ಮೆಲ್ಲಗೆ, "ಹಿಂದಕ್ಕೆ ನೋಡ್ಬೇಡ."

ಈ ಲೋಕದಲ್ಲಿ ಮನುಷ್ಯರಿಗೆ ಹೇಳಬಾರದ ಮಾತೊಂದಿದ್ದರೆ ಅದು ಇದೇ. ನನಗೆ ನೋಡಲೂ ಆಗದು, ನೋಡದೆ ಇರಲೂ ಆಗದು. ಏನು ಎಂದು ಕೇಳಿದೆ. ಏನೋ ಹಸಿರಾಗಿದೆ, ನಮ್ಮ ಜೊತೆ ಬರ್ತಿದೆ ಎಂದಳು ನಂದಿನಿ. ಇಷ್ಟಿಷ್ಟೇ ತಲೆ ಎತ್ತುತ್ತದಂತೆ, ಮುಳುಗುತ್ತದಂತೆ, ಮತ್ತೆ ಎತ್ತುತ್ತದಂತೆ. ನನ್ನ ಬುದ್ಧಿ ಆ ಕ್ಷಣದಲ್ಲಿ ನೀಡಿದ ಏಕೈಕ ಸಲಹೆಯನ್ನು ಆಜ್ಞೆಯಾಗಿ ಘೋಷಿಸಿದೆ: ಜೋರಾಗಿ ಹುಟ್ಟು ಹಾಕಿ!

ಜೋರಾಗಿ ಹಾಕಿದರು. ಅದೂ ಜೋರಾಗಿ ಬಂತು.

ಇನ್ನೂ ಜೋರು ಎಂದೆ. ಇನ್ನೂ ಜೋರಾಗಿ ಬಂತು. ಬಳೆಯ ಸದ್ದಂತೂ ಕಿವಿಯೊಳಗೇ ಕುಣಿಯತೊಡಗಿತು. ವಿದ್ಯಾವಂತೆಯಾದ ನಾನು ಇದಕ್ಕೊಂದು ಸಕಾರಣ ಹುಡುಕಬೇಕಿತ್ತು. ಹುಡುಕಲಿಲ್ಲ. ಎಲ್ಲಾ ದೇವರ ಹೆಸರು ಒಂದೊಂದಾಗಿ ನೆನಪಿಸಿಕೊಳ್ಳುತ್ತಾ ಕಣ್ಣು ಮುಚ್ಚಿದೆ. ದಾರಿ ನೋಡಲೆಂದೇ ಕೂತಿದ್ದ ಏಕೈಕ ವ್ಯಕ್ತಿ ಕಣ್ಣು ಮುಚ್ಚಿಕೊಂಡಿತು!

ಕಣ್ಣು ತೆರೆದಾಗ ಎದುರಿಗೆ ಜನ ನಿಂತಿದ್ದರು.

ಮಂಜಿನೊಳಗೆ, ನೀರಿನ ನಡುವೆ, ಅಲ್ಲಲ್ಲಿ, ಕಪ್ಪಗೆ. ಯಾರೂ ಅಲುಗುತ್ತಿರಲಿಲ್ಲ. ಕೆಲವರ ತಲೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿಕೊಂಡು ಕೂತಿದ್ದವು. ಅದರಿಂದಲೇ ಅವು ಜನರಲ್ಲ, ಮರ ಎಂದು ತಿಳಿದದ್ದು. ಮುಳುಗಿದ ಕಾಡಿನ ಮೋಟು ಮರಗಳು. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದಾಗ ತಲೆ ಎತ್ತುತ್ತವೆ. ಆ ಕಡೆ ಮಾತ್ರ ಹೋಗಬಾರದು ಎಂದು ಕೋಚ್ ಸರ್ ನಕ್ಷೆ ಬರೆದು ತೋರಿಸಿದ್ದರು. ಅವುಗಳ ಚೂಪು ದೋಣಿಯ ಹೊಟ್ಟೆಯನ್ನು ಬಾಳೆಲೆಯಂತೆ ಸೀಳುತ್ತದೆ. ನಾವು ಪೂರ್ತಿ ವೇಗದಲ್ಲಿ ನೇರ ಅತ್ತಲೇ ಹೋಗುತ್ತಿದ್ದೆವು. ಹುಟ್ಟು ಹಾಕುವ ಇಬ್ಬರಿಗೂ ಅದು ಕಾಣದು. ಕಾಣುವವಳು ನಾನೊಬ್ಬಳೇ.

ನಿಲ್ಲಿ ಎನ್ನಬೇಕು. ಒಂದೇ ಒಂದು ಪದ. ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಬಸ್ಸು ತುಂಬ ಜನರಿಗೆ ಪಾಲಿಸಿ ಮಾರುವ ಗಂಟಲು ಅದು! ಈಗಲೂ ಮಧ್ಯಾಹ್ನ ಊಟ ಮಾಡುವಾಗ, ಯಾರ ಜೊತೆಯೋ ಮಾತಾಡುವಾಗ ಆ ಗಳಿಗೆ ಹಿಂತಿರುಗಿ ಬರುತ್ತದೆ. ಬಾಯಿ ತೆರೆದಿದೆ, ಮರ ಹತ್ತಿರ ಬರುತ್ತಿದೆ, ಮಾತಿಲ್ಲ.

ಕೂಗಿದ್ದು ನಾನಲ್ಲ. ಸಿಂಚನ ನನ್ನ ಮುಖ ನೋಡಿದಳು. ಏನು ಕಂಡಳೋ, ಹುಟ್ಟನ್ನು ನೀರಿಗೆ ಊರಿ "ನಂದಿನಿ, ತಡಿ" ಎಂದಳು. ಇಬ್ಬರೂ ಊರಿದರು. ವೇಗ ಅರ್ಧಕ್ಕಿಳಿಯಿತು. ಉಳಿದರ್ಧದಲ್ಲಿ ದೋಣಿ ಹೋಗಿ ಕರ್ರ್ ಎಂದು ಯಾವುದೋ ಮೋಟಿನ ಮೇಲೇರಿ ಕೂತು, ಬಲಕ್ಕೆ ವಾಲಿತು. ಅಂಚಿನಿಂದ ನೀರು ಒಳಗೆ ಸುರಿಯಿತು. ಮಂಜುಗಡ್ಡೆಯಂಥ ನೀರು. ನನಗೆ ಈಜು ಬಾರದು. ವಾಲಿದ ದೋಣಿಯಲ್ಲಿ ಪ್ರತಿಯೊಬ್ಬ ಮೂರ್ಖ ಮಾಡುವ ಕೆಲಸವನ್ನೇ ಮಾಡಿದೆ. ಎದ್ದು ನಿಲ್ಲಲು ಹೊರಟೆ.

"ಕೂತ್ಕೋ."

ಅದು ನಮ್ಮ ಹುಡುಗಿಯ ದನಿಯೆಂದು ನಂಬಲಾಗಲಿಲ್ಲ. ಅಣ್ಣನೂ ನನಗೆ ಹಾಗೆ ಹೇಳಿದವನಲ್ಲ. ಕೂತೆ.

"ನಂದಿನಿ, ಹುಟ್ಟು ನೀರಿನ್ ಮೇಲೆ ಚಪ್ಪಟೆ ಹಿಡಿ. ಕೈ ಬಿಡ್ಬೇಡ, ಬಿಟ್ರೆ ಮಗುಚ್ಕೊಳ್ಳುತ್ತೆ." ಅವಳೂ ತನ್ನ ಹುಟ್ಟನ್ನು ಚಪ್ಪಟೆಯಾಗಿ ನೀರಿಗೆ ಒತ್ತಿ ಹಿಡಿದಳು. ಹದ್ದು ಎರಡೂ ರೆಕ್ಕೆ ಬಿಡಿಸಿದಂತೆ ದೋಣಿ ನಡುಗಿ, ನಿಂತುಕೊಂಡಿತು. ಅಲೆ ಎದ್ದರೆ ಮುಗಿಯಿತು ಎಂಬುದು ಮೂವರಿಗೂ ಗೊತ್ತಿತ್ತು. ದೂರದಲ್ಲಿ ಕೋಚ್ ಸರ್ ಹಾರ್ನ್ ಕೇಳಿಸಿತು. ಒಮ್ಮೆ ಎಡಗಡೆಯಿಂದ, ಒಮ್ಮೆ ನಮ್ಮ ಕೆಳಗಿನಿಂದಲೇ ಬಂದಂತೆ. ಮಂಜಿನಲ್ಲಿ ಹಾಗೆಲ್ಲ ಆಗುತ್ತದಂತೆ.

ನಾನು ಅಳುತ್ತಾ ಹೇಳತೊಡಗಿದೆ. ಹಿಂದಿನಿಂದ ಅದು ನಮ್ಮನ್ನು ಹಿಡಿದಿದೆ, ನೀರು ಬಾಗಿನ ಒಪ್ಪಲಿಲ್ಲ, ನಾವು ಯಾರೂ ದಡ ಸೇರುವುದಿಲ್ಲ. ಸಿಂಚನ ನನ್ನ ಕಣ್ಣಿನಲ್ಲಿ ಕಣ್ಣಿಟ್ಟಳು.

"ಅತ್ತೆ, ನಂಗೆ ಮುಂದೆ ಕಾಣಲ್ಲ, ನಿಂಗೆ ಕಾಣುತ್ತೆ. ಕಂಡಿದ್ದನ್ನ ಮಾತ್ರ ಹೇಳು. ಅನ್ಸಿದ್ದೆಲ್ಲ ಬೇಡ."

ಜೀವಮಾನದಲ್ಲಿ ನನಗೆ ಯಾರೂ ಇಷ್ಟು ಕಷ್ಟದ ಕೆಲಸ ಕೊಟ್ಟಿರಲಿಲ್ಲ. ಅನ್ನಿಸಿದ್ದನ್ನು ಬಿಟ್ಟು ಕಂಡದ್ದನ್ನು ಹೇಳಿದೆ. ಬಲಕ್ಕೆ ಒಂದು ಮೋಟು, ಕೈಯಳತೆಯಲ್ಲಿ. ಎಡಕ್ಕೆ ಎರಡು, ದೂರ. ಅವಳು ತಲೆಯಾಡಿಸಿದಳು. ಒಂದೇ ಒಂದು ಸಲ ಕುತ್ತಿಗೆ ತಿರುಗಿಸಿ, ನನ್ನ ಮಾತು ನಿಜವೋ ಎಂದು ನೋಡಿಕೊಂಡು, ಮತ್ತೆ ನೆಟ್ಟಗಾದಳು. ಆಮೇಲೆ ತಿರುಗಲಿಲ್ಲ. ಈ ಸಲ ಕುತ್ತಿಗೆ ತಿರುಗಿಸಿದ್ದು ಭಯವಲ್ಲ, ಅವಳೇ.

ಹಿಂದಕ್ಕೆ ಹುಟ್ಟು ಹಾಕಬೇಕು, ಅದಕ್ಕೆ ಮೊದಲು ಚುಕ್ಕಾಣಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಬೇಕು ಎಂದಳು. ಬಿಡಿಸಬೇಕಾದವಳು ನಾನು. ನೋಡದೆ, ಹೊರಳದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ. ಅದು ಇರುವ ಕಡೆಗೆ.

ಚಾಚಿದೆ. ಮೊಣಕೈವರೆಗೆ ನೀರು. ಬೆರಳಿಗೆ ಏನೋ ಸಿಕ್ಕಿತು, ಒದ್ದೆ, ಮೆತ್ತಗೆ, ಯಾರದೋ ಸೆರಗಿನಂತೆ. ಅದು ನನ್ನ ಕೈಯೊಳಗೆ ಮೆಲ್ಲಗೆ ಅಲುಗಿತು. ಕಿರುಚಲು ಮತ್ತೆ ಗಂಟಲು ಬರಲಿಲ್ಲ, ಪುಣ್ಯ. ಸಿಂಚನ ಮಾತ್ರ ಕಣ್ಣು ಕೀಳದೆ ಹೇಳುತ್ತಲೇ ಇದ್ದಳು: "ಏನ್ ಸಿಗ್ತಿದೆ, ಹೇಳು. ಬಟ್ಟೆನಾ? ದಾರನಾ?" ಬಟ್ಟೆ ಎಂದೆ. ಬಟ್ಟೆಯಿಂದ ಹೊರಟ ದಾರ ಎಂದೆ. ದಾರ ಚುಕ್ಕಾಣಿಯನ್ನು ಸುತ್ತಿ ಸುತ್ತಿ ಕಟ್ಟಿದೆ ಎಂದೆ. ಹೇಳುತ್ತಾ ಹೇಳುತ್ತಾ ತಲೆಯೊಳಗೆ ದೀಪ ಹತ್ತಿತು.

ಅರಿಶಿನದ ದಾರ. ಹಸಿರು ರವಿಕೆ ಕಣ. ನಮ್ಮನ್ನು ಅಟ್ಟಿಸಿಕೊಂಡು ಬಂದದ್ದು ನಮ್ಮ ಅವ್ವ ಕಟ್ಟಿಕೊಟ್ಟ ಬಾಗಿನ! ನಾವೇ ಅದನ್ನು ಕಟ್ಟಿಕೊಂಡು ಎಳೆಯುತ್ತಾ, ಅದಕ್ಕೇ ಹೆದರಿ ಓಡುತ್ತಿದ್ದೆವು.

ಕೊರಳ ಸರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು, ಕಾಣದ ದಾರವನ್ನು ಎಳೆ ಎಳೆಯಾಗಿ ಕಿತ್ತೆ. ಬೆರಳು ಮರಗಟ್ಟಿತು, ಪಿನ್ನು ಅಂಗೈಗೆ ಚುಚ್ಚಿತು. ಕೊನೆಯ ಎಳೆ ಹರಿದಾಗ ಹಗ್ಗ ಸಡಿಲವಾಯಿತು. ಆದರೆ ಬಳೆಯ ಸದ್ದು ನಿಂತಿರಲಿಲ್ಲ. ನಾನು ಪಿಸುದನಿಯಲ್ಲಿ, ಇನ್ನೂ ಕೇಳ್ತಿದೆ, ಅದು ಬಾಗಿನದ್ದಲ್ಲ ಎಂದೆ.

"ಅತ್ತೆ, ಅದು ನಿನ್ ಬಳೆ," ಎಂದಳು ಸಿಂಚನ. "ನಿನ್ ಕೈ ನಡುಗ್ತಿದೆ. ಆಗಿಂದ್ಲೂ."

ಇಬ್ಬರೂ ಹಿಂದಕ್ಕೆ ಹುಟ್ಟು ಹಾಕಿದರು. ನಾನು ಕಂಡದ್ದನ್ನು ಹೇಳುತ್ತಾ ಹೋದೆ. ದೋಣಿ ಮೋಟಿನಿಂದ ಜಾರಿ, ಬಂದ ದಾರಿಗೆ ಹಿಮ್ಮುಖವಾಗಿ ಹೊರಟಿತು. ಬಾಗಿನ ಈಗ ನನ್ನ ಪಕ್ಕದಲ್ಲೇ ಹಾದು ಎದುರಿಗೆ ಬಂತು, ನನಗೂ ಕಾಣಿಸಿತು. ಮರಗಳ ನಡುವೆ ಅದು ನಿಶ್ಚಲವಾಗಿ ನಿಂತಿತು. ಅಲೆಗೂ ಅಲುಗಲಿಲ್ಲ. ಆಮೇಲೆ ಒಂದು ಗುಳ್ಳೆಯೂ ಏಳದಂತೆ, ಕೆಳಗಿನಿಂದ ಯಾರೋ ಎರಡೂ ಕೈ ಚಾಚಿ ತೆಗೆದುಕೊಂಡ ಹಾಗೆ, ನೆಟ್ಟಗೆ ಒಳಗೆ ಹೋಯಿತು. ಅಕ್ಕಿಬೇಳೆ ನೆನೆದು ಭಾರವಾಗಿತ್ತು, ಮುಳುಗಿತು ಎನ್ನುತ್ತಾರೆ ನಮ್ಮ ಯಜಮಾನರು. ಸರಿಯಾದ ಮಾತು. ಆದರೆ ಅವರು ಅಲ್ಲಿರಲಿಲ್ಲ.

ಕೋಚ್ ಸರ್ ಮಂಜಿನಿಂದ ಹೊರಬಂದಾಗ ಏನೂ ಬೈಯಲಿಲ್ಲ. ನನ್ನನ್ನು ಮೋಟಾರು ದೋಣಿಗೆ ದಾಟಿಸಿಕೊಂಡು, ಮೇಡಂ, ನಾಳೆಯಿಂದ ನಿಮ್ಮ ಜಾಗದಲ್ಲಿ ಮರಳುಚೀಲ ಇಡುತ್ತೇನೆ ಎಂದರು. ಅದಕ್ಕೆ ಹಗ್ಗ ಹಿಡಿಯಲು ಬರುವುದಿಲ್ಲವಲ್ಲ ಎಂದು ನಾನು ಕ್ಷೀಣವಾಗಿ ವಾದಿಸಿದೆ. ನಿಮಗಿಂತ ವಾಸಿ, ಅದು ಹೊರಡಿ ಅನ್ನುವುದಿಲ್ಲ ಎಂದರು.

ಅವ್ವನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: ವಾಪಸ್ ಬಂತಾ, ಒಳಗೆ ಹೋಯ್ತಾ? ಒಳಗೆ ಹೋಯಿತು ಎಂದೆ. ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡಳು.

ಶನಿವಾರ ನಾನು ದಡದಲ್ಲಿ, ನೀರಿನಿಂದ ಗೌರವಯುತ ದೂರದಲ್ಲಿ, ಒಂದು ಹಲಸಿನ ಮರವನ್ನು ತಬ್ಬಿಕೊಂಡು ನಿಂತಿದ್ದೆ. ಮಾಮೂಲಿ ಕಾಕ್ಸ್ ಹುಡುಗಿ ಮದುವೆಯಿಂದ ಮರಳಿದ್ದಳು. ಬೆಳ್ಳಗಿನ ಬಿಸಿಲಿತ್ತು, ಮಂಜಿರಲಿಲ್ಲ. ಸಿಂಚನಳ ದೋಣಿ ಹೊರಟಿತು. ನಾನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಪಕ್ಕದ ದೋಣಿಯ ಹುಟ್ಟು ಇವರ ಹುಟ್ಟಿಗೆ ತಗುಲಿ ಟಪ್ಪೆಂದಿತು, ದೋಣಿ ಓಲಾಡಿತು. ನಾನು ಹಲಸಿನ ಮರವನ್ನು ಇನ್ನೂ ಬಿಗಿಯಾಗಿ ತಬ್ಬಿದೆ. ಕುತ್ತಿಗೆ ಕದಲಲಿಲ್ಲ. ಕಲ್ಲಿನ ಬಸವಣ್ಣನ ಹಾಗೆ ನೆಟ್ಟಗಿತ್ತು. ತೋಳುಗಳು ಮಾತ್ರ ಬಂದವು, ಹೋದವು, ಬಂದವು. ಅವರ ದೋಣಿ ಎರಡನೆಯದಾಗಿ ಮುಟ್ಟಿತು, ಅವಳ ಹೆಸರು ಶಿಬಿರಕ್ಕೆ ಬಂತು.

ನನ್ನ ಎದೆ ಎಷ್ಟು ಉಬ್ಬಿತೆಂದರೆ, ಆ ಕಿತ್ತಳೆ ಜಾಕೆಟ್ಟಿನ ಅಗತ್ಯವೇ ಇರಲಿಲ್ಲ. ನನ್ನ ತರಬೇತಿ ಸ್ವಲ್ಪ ಕಠಿಣವಾಗಿದ್ದರೂ ಫಲ ಕೊಟ್ಟಿತಲ್ಲ! ಆಯ್ಕೆ ಮಾಡಲು ಬಂದಿದ್ದವರೊಬ್ಬರು ಅವಳನ್ನು ಕರೆದು, ಡಿಕ್ಕಿಯಾದರೂ ಹೆದರಲಿಲ್ಲವಲ್ಲ, ಅದನ್ನು ಹೇಗೆ ಅಭ್ಯಾಸ ಮಾಡಿದೆ ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು, ನನ್ನ ಹೆಸರು ಬರುತ್ತದೆಂದು ಒಂದು ಹೆಜ್ಜೆ ಮುಂದೆ ಬಂದೆ. ಹೆಸರೇನೋ ಬಂತು.

"ಮಂಜಲ್ಲಿ ಒಂದಿನ ನಮ್ಮತ್ತೆ ನನ್ನೆದುರಿಗೆ ಕೂತಿದ್ರು ಸಾರ್," ಎಂದಳು ಸಿಂಚನ. "ಅವ್ರ ಮುಖಾನ ಅಷ್ಟ್ ಹತ್ರದಿಂದ ನೋಡಿದ್ಮೇಲೆ ಇನ್ ಯಾವ್ದೂ ಭಯ ಅನ್ಸಲ್ಲ."